ಜವಾರಿ ಬೀಜ ಕಟ್ಟುವಾಗ ವೈವಿಧ್ಯ ಉಳಿಸಿಕೊಳ್ಳುವ ಕ್ರಮ

ಜವಾರಿ (ನಾಟಿ) ತಳಿ ಎಂದರೆ ಎಲ್ಲ ಗಿಡಗಳೂ ಒಂದೇ ಅಚ್ಚಿನಲ್ಲಿರಬೇಕು ಎಂದು ಭಾವಿಸಿ, ಅತಿ ದೊಡ್ಡದಾದ ನಾಲ್ಕಾರು ತೆನೆಗಳನ್ನಷ್ಟೇ ಬೀಜಕ್ಕೆ ತೆಗೆದಿಡುವ ರೂಢಿ ಕೊಪ್ಪಳ, ರಾಯಚೂರು ಭಾಗದಲ್ಲಿಯೂ ಇದೆ. ಇದರಿಂದ ತಳಿಯ ಹೆಸರು ಉಳಿಯುತ್ತದೆಯೇ ಹೊರತು, ಬರ ಮತ್ತು ರೋಗ ತಾಳುವ ಒಳಗಿನ ವೈವಿಧ್ಯ ವರ್ಷದಿಂದ ವರ್ಷಕ್ಕೆ ಕರಗುತ್ತದೆ.

ಎರೆಹೊಲದ ಹಿಂಗಾರಿ ಜೋಳ ಬಹುಪಾಲು ಸ್ವಪರಾಗಸ್ಪರ್ಶದ, ಅಂದರೆ ತನ್ನದೇ ಪರಾಗದಿಂದ ಕಾಳು ಕಟ್ಟುವ, ಬೆಳೆಯಾದ್ದರಿಂದ, ಬದುವಿನ ಸಾಲುಗಳನ್ನು ಬಿಟ್ಟು ಹೊಲದ ನಡುವಿನ 50 ಆರೋಗ್ಯವಂತ ಗಿಡಗಳಿಂದ ತೆನೆ ಆರಿಸಿದರೆ ಸಾಕಾಗುತ್ತದೆ. ಸಜ್ಜೆ ಪರಪರಾಗಸ್ಪರ್ಶದ, ಅಂದರೆ ಬೇರೆ ಗಿಡಗಳ ಪರಾಗದಿಂದ ಕಾಳು ಕಟ್ಟುವ, ಬೆಳೆ. ಕೆಲವೇ ತೆನೆಗಳ ಬೀಜದಿಂದ ಬೆಳೆಸುತ್ತ ಹೋದರೆ ಸಂತತಿ ಸೊರಗುತ್ತದೆ. ಆದ್ದರಿಂದ 100ಕ್ಕೂ ಹೆಚ್ಚು ಗಿಡಗಳ ಕಾಳನ್ನು ಸಮವಾಗಿ ಬೆರೆಸಬೇಕು, ಹೈಬ್ರಿಡ್ ಸಜ್ಜೆಯ ಹೊಲದಿಂದ ದೂರವಿರಬೇಕು.

ಹಿತ್ತಲಿನ ಹೀರೆಗೆ ಹೆಚ್ಚು ಎಚ್ಚರ ಬೇಕು. ಅದರ ಹೂವು ಸಂಜೆ ಅರಳುವುದರಿಂದ, ಅಂದು ಅರಳಲಿರುವ ಹೆಣ್ಣು ಮತ್ತು ಗಂಡು ಮೊಗ್ಗುಗಳಿಗೆ ಮಧ್ಯಾಹ್ನವೇ ತೆಳುಬಟ್ಟೆ ಕಟ್ಟಿ, ಅರಳಿದೊಡನೆ ಬೇರೊಂದು ಬಳ್ಳಿಯ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಸವರಿ, ಮತ್ತೆ ಬಟ್ಟೆ ಕಟ್ಟಿ, ತೊಟ್ಟಿಗೆ ಗುರುತಿನ ದಾರ ಹಾಕಬೇಕು. ಆ ಕಾಯಿ ಬಳ್ಳಿಯಲ್ಲೇ ಒಣಗಲಿ.

ಜೋಳದ ಕಾಳು ಹಲ್ಲಿಗೆ ಕಟ್ಟೆಂದು ಒಡೆಯುವಷ್ಟು ಒಣಗಿದ ಮೇಲೆಯೇ ಬೂದಿ ಬೆರೆಸಿ ಗಡಿಗೆಗೆ ತುಂಬಬೇಕು. ಬಿತ್ತನೆಗೆ ಮುನ್ನ 100 ಕಾಳುಗಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು ನೋಡಿ; 75ಕ್ಕಿಂತ ಕಡಿಮೆ ಮೊಳೆತರೆ ಬೀಜದ ಪ್ರಮಾಣ ಹೆಚ್ಚಿಸಿ. ನೆರೆಹಳ್ಳಿಯವರೊಡನೆ ಅದೇ ತಳಿಯ ಒಂದು ಸೇರು ಬೀಜ ಆಗಾಗ ಅದಲು ಬದಲಾದರೆ ಇನ್ನೂ ಒಳ್ಳೆಯದು.