ಪಾಟ್ ಹೋಲ್ಡರ್ ಕಲೆ ತೆಗೆಯೋದು: ಮೊದಲು ಜಿಡ್ಡು, ಬಣ್ಣ ಆಮೇಲೆ

ಒಲೆ ಪಕ್ಕ ನೇತಾಡ್ತಿರೋ, ಬಿಸಿ ಪಾತ್ರೆ ಹಿಡಿಯೋ ಪಾಟ್ ಹೋಲ್ಡರನ್ನ ಕೊನೇ ಸಲ ಯಾವಾಗ ಒಗೆದ್ರಿ ಅಂತ ಕೇಳಿದ್ರೆ ಬಹಳ ಜನ ತಲೆ ಕೆರ್ಕೊಳ್ತಾರೆ, ನಾನೂ ಅದೇ ಗುಂಪು. ಮಸಿಬಟ್ಟೆ ಅಂದ್ಮೇಲೆ ಮಸಿ ಇರ್ಲೇಬೇಕಲ್ವಾ ಅಂತ ಸಮಾಧಾನ ಮಾಡ್ಕೊಂಡು ಸುಮ್ನಿರ್ತೀವಿ, ಒಂದಿನ ನೋಡಿದ್ರೆ ಕೈಗೆ ಅಂಟಂಟು, ಮೂಸಿದ್ರೆ ಹಳೇ ಎಣ್ಣೆ ಕಮಟು ವಾಸನೆ.

ಮೊದಲೇ ಹೇಳ್ಬಿಡ್ತೀನಿ, ಕಣ್ಣಿಗೆ ಕಾಣೋ ಕಲೆ ದೊಡ್ಡ ತೊಂದ್ರೆ ಅಲ್ಲ, ಒಳಗಿನ ಪದರಕ್ಕೆ ಇಳಿದು ಕೂತಿರೋ ಎಣ್ಣೆ ಇದೆಯಲ್ಲ ಅದೇ ತೊಂದ್ರೆ. ಎಣ್ಣೆ ಕುಡಿದ ಬಟ್ಟೆ ಬೆಂಕಿ ತಾಗಿದ್ರೆ ಬೇಗ ಹತ್ಕೊಳ್ಳುತ್ತೆ. ಮತ್ತೆ ಜಿಡ್ಡಿನ ಪದರ ಹಾಗೇ ಇದ್ರೆ ಮೇಲೆ ಎಷ್ಟು ಬ್ಲೀಚ್ ಸುರಿದ್ರೂ ಅದು ನೂಲಿಗೆ ಸರಿಯಾಗಿ ಮುಟ್ಟೋದೇ ಇಲ್ಲ. ಅದಕ್ಕೇ ಮೊದಲು ಜಿಡ್ಡು.

ನೀರಿಗೆ ಹಾಕೋಕೆ ಮುಂಚೆ ಒಣಗಿದ್ದಾಗ್ಲೇ ಹೊರಗೆ ತಗೊಂಡ್ಹೋಗಿ ಚೆನ್ನಾಗಿ ಕೊಡವಿ. ಪಾತ್ರೆ ತಳದ ಮಸಿ ಒಣಗಿದ್ರೆ ಪುಡಿಯಾಗಿ ಉದುರುತ್ತೆ, ಒದ್ದೆ ಆಯ್ತೋ ಉಜ್ಜಿದಷ್ಟೂ ನೂಲೊಳಗೆ ಹೊಕ್ಕೊಂಡು ಬೂದು ಬಣ್ಣ ಆಗಿ ಕೂತ್ಬಿಡುತ್ತೆ. ಹಾಲು, ಮೊಟ್ಟೆ ಚೆಲ್ಲಿದ ಕಲೆ ಇದ್ರೆ ತಣ್ಣೀರಲ್ಲೇ ಶುರು ಮಾಡಿ, ಬಿಸಿನೀರು ಬಿದ್ರೆ ಅದು ಬೆಂದು ಗಟ್ಟಿಯಾಗಿ ಅಂಟ್ಕೊಳ್ಳುತ್ತೆ. ಬಣ್ಣ ಬಿಡುತ್ತಾ ಅಂತಾನೂ ನೋಡ್ಕೊಳ್ಳಿ, ಮೂಲೇಲಿ ಸ್ವಲ್ಪ ಒದ್ದೆ ಮಾಡಿ ಬಿಳಿ ಬಟ್ಟೆ ಒತ್ತಿದ್ರೆ ಗೊತ್ತಾಗುತ್ತೆ. ನಾನು ಒಂದ್ಸಲ ಇದನ್ನ ಮಾಡದೇ ಕೆಂಪು ಅಂಚಿನ ಒಂದನ್ನ ಬಿಳಿ ಇದ್ದವುಗಳ ಜೊತೆ ರಾತ್ರಿಯಿಡೀ ನೆನೆಸಿಟ್ಟೆ, ಬೆಳಿಗ್ಗೆ ಎದ್ದು ನೋಡಿದ್ರೆ ಎಲ್ಲಾನೂ ಪಿಂಕ್.

ಈಗ ಜಿಡ್ಡಿನ ಕೆಲಸ. ಪಾತ್ರೆ ತೊಳೆಯೋ ಲಿಕ್ವಿಡ್ ಸಾಕು, ಅದನ್ನ ಮಾಡಿರೋದೇ ಎಣ್ಣೆ ಬಿಡಿಸೋಕೆ. ನೀರು ಸೇರಿಸ್ದೆ, ಒಣಬಟ್ಟೆ ಮೇಲೇನೇ ಎಣ್ಣೆ ಕಲೆ ಇರೋ ಕಡೆ ನಾಲ್ಕೈದು ಹನಿ ಹಾಕಿ ಹಳೇ ಟೂತ್‌ಬ್ರಷ್‌ನಲ್ಲಿ ನಿಧಾನಕ್ಕೆ ತಿಕ್ಕಿ. ಹೊಲಿಗೆ ಗೆರೆಗಳ ಉದ್ದಕ್ಕೂ ಜಾಸ್ತಿ ಗಮನ ಕೊಡಿ, ಜಿಡ್ಡೆಲ್ಲ ಆ ತಗ್ಗಲ್ಲೇ ಕೂತಿರುತ್ತೆ, ತಿಕ್ಕಿದ ಹಾಗೇ ನೊರೆ ಬೆಳ್ಳಗಿದ್ದದ್ದು ಕಂದು ಬಣ್ಣಕ್ಕೆ ತಿರುಗೋದು ಕಾಣುತ್ತೆ. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಕೈ ತಡೆಯೋವಷ್ಟು ಬಿಸಿನೀರಲ್ಲಿ ಹಿಂಡಿ ಹಿಂಡಿ ತೊಳೀರಿ. ನೀರಿನ ಮೇಲೆ ಎಣ್ಣೆ ಪಸೆ ತೇಲ್ತಿದ್ರೆ ಇನ್ನೊಂದ್ಸಲ ಮಾಡ್ಬೇಕು, ಬೇಜಾರಾದ್ರೂ ಮಾಡಿ.

ಜಿಡ್ಡು ಹೋದ್ಮೇಲೂ ಉಳಿಯೋ ಬಣ್ಣಕ್ಕೆ, ಅಂದ್ರೆ ಟೀ, ಕಾಫಿ, ಟೊಮ್ಯಾಟೊ ಕಲೆಗೆ, ಆಕ್ಸಿಜನ್ ಬ್ಲೀಚ್ ಪುಡಿ ಒಳ್ಳೇದು. ಅದರಲ್ಲಿರೋದು ಸೋಡಿಯಂ ಪರ್‌ಕಾರ್ಬೊನೇಟ್, ನೀರಲ್ಲಿ ಕರಗಿ ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತೆ, ತಣ್ಣೀರಲ್ಲಿ ಕೆಲಸ ನಿಧಾನ, ಹಾಗಾಗಿ 40ರಿಂದ 60 ಡಿಗ್ರಿ ಬಿಸಿನೀರಿಗೆ ಹಾಕಿ. ಎಷ್ಟು ಪುಡಿ ಅನ್ನೋದು ಪ್ಯಾಕೆಟ್ ಮೇಲೇ ಇರುತ್ತೆ, ಅಷ್ಟೇ ಹಾಕಿ, ಬಕೆಟ್‌ಗೆ ಮಾತ್ರ ಬಿಗಿಯಾಗಿ ಮುಚ್ಚಳ ಹಾಕ್ಬೇಡಿ, ಒಳಗೆ ಗ್ಯಾಸ್ ತುಂಬ್ಕೊಳ್ಳುತ್ತೆ. ಅರಿಶಿನದ ಕಲೆ ಸೋಪು ಬಿದ್ದ ತಕ್ಷಣ ಕೆಂಪಗಾದ್ರೆ ಗಾಬರಿ ಬೇಡ, ಸೋಪಿನ ಕ್ಷಾರಕ್ಕೆ ಅದು ಹಂಗೇ ಆಗೋದು, ತೊಳೆದ್ರೆ ಮತ್ತೆ ಹಳದಿಗೆ ಬರುತ್ತೆ, ಉಳಿದಿದ್ದನ್ನ ಒದ್ದೆ ಇರೋವಾಗ್ಲೇ ಬಿಸಿಲಿಗೆ ಹಾಕಿದ್ರೆ ದಿನ ಕಳೆದ ಹಾಗೆ ಮಾಸಿ ಹೋಗುತ್ತೆ.

ಬೇಕಿಂಗ್ ಸೋಡಾ ಮತ್ತೆ ವಿನೆಗರ್ ಒಟ್ಟಿಗೆ ಸುರಿದು ಬುಸ್ ಅಂತ ನೊರೆ ಬರೋ ವಿಡಿಯೋಗಳನ್ನ ನೀವೂ ನೋಡಿರ್ತೀರಿ. ನೋಡೋಕೆ ಮಜಾ, ಅಷ್ಟೇ. ಒಂದು ಕ್ಷಾರ ಇನ್ನೊಂದು ಆಮ್ಲ, ಸೇರಿದ್ರೆ ಒಂದನ್ನೊಂದು ಕೊಂದ್ಹಾಕಿ ಕೊನೆಗೆ ಉಳಿಯೋದು ಹೆಚ್ಚುಕಮ್ಮಿ ಉಪ್ಪುನೀರಿನಂಥದ್ದು. ವಾಸನೆಗೆ ಬೇಕಾದ್ರೆ ಬೇಕಿಂಗ್ ಸೋಡಾ ಕರಗಿಸಿದ ನೀರಲ್ಲಿ ಬೇರೆಯಾಗಿ ನೆನೆಸಿ. ಕ್ಲೋರಿನ್ ಬ್ಲೀಚ್ ನಾನು ಬಳಸೋದಿಲ್ಲ, ಕಾಟನ್ ನೂಲು ಸವೆದು ಹೋಗುತ್ತೆ, ಅದಕ್ಕೆ ವಿನೆಗರ್ ಏನಾದ್ರೂ ಸೇರಿದ್ರೆ ವಿಷದ ಗ್ಯಾಸ್ ಬರುತ್ತೆ, ಒಂದು ಮಸಿಬಟ್ಟೆಗೋಸ್ಕರ ಅಷ್ಟೆಲ್ಲ ಯಾಕೆ.

ವಾಷಿಂಗ್ ಮಷಿನ್‌ಗೆ ಹಾಕ್ಬಹುದಾ? ಬರೀ ಕಾಟನ್ ಇದ್ರೆ ಧಾರಾಳವಾಗಿ, ಆದ್ರೆ ಮೇಲೆ ಹೇಳಿದ ಜಿಡ್ಡಿನ ಕೆಲಸ ಮುಗಿಸಿ. ಬೆಳ್ಳಿ ಬಣ್ಣದ ಲೇಪ ಇರೋದಾದ್ರೆ ಲೇಬಲ್ ಓದಿ, ತಿಕ್ಕಿದ್ರೆ ಲೇಪ ಸಿಪ್ಪೆ ಏಳುತ್ತೆ. ಕ್ರೋಶಾದಲ್ಲಿ ಹೆಣೆದಿದ್ದನ್ನ ಹಿಂಡ್ಬೇಡಿ, ಟವೆಲ್ ಒಳಗೆ ಸುತ್ತಿ ಒತ್ತಿ, ಮಟ್ಟಸವಾಗಿ ಹರಡಿ ಒಣಗಿಸಿ, ಇಲ್ಲಾಂದ್ರೆ ಚೌಕ ಇದ್ದದ್ದು ಸೊಟ್ಟಗಾಗುತ್ತೆ. ಫ್ಯಾಬ್ರಿಕ್ ಸಾಫ್ಟ್‌ನರ್ ಬೇಡ. ಸಿಲಿಕೋನ್‌ದಾದ್ರೆ ಪಾತ್ರೆ ತೊಳೆದ ಹಾಗೆ ತೊಳೆದ್ರಾಯ್ತು.

ಒಣಗಿಸೋದ್ರಲ್ಲಿ ಮಾತ್ರ ಅವಸರ ಬೇಡ. ಬಟ್ಟೆಯೊಳಗಿನ ಗಾಳಿನೇ ಕೈ ಸುಡದ ಹಾಗೆ ಕಾಯೋದು, ಆ ಜಾಗದಲ್ಲಿ ನೀರು ತುಂಬಿದ್ರೆ ಶಾಖ ಸೀದಾ ಕೈಗೆ ಬರುತ್ತೆ, ಯಾಕಂದ್ರೆ ನೀರು ಗಾಳಿಗಿಂತ 20 ಪಟ್ಟಿಗೂ ಜಾಸ್ತಿ ಶಾಖ ಸಾಗಿಸುತ್ತೆ. ನನಗೆ ಇದು ಅನುಭವ. ಮೇಲೆ ಮುಟ್ಟಿದ್ರೆ ಗರಿಗರಿ ಒಣಗಿತ್ತು, ಅದೇ ಧೈರ್ಯದಲ್ಲಿ ಕುದೀತಿರೋ ಪಾತ್ರೆ ಎತ್ತಿದೆ, ಮೂರು ಹೆಜ್ಜೆ ಇಡೋದ್ರೊಳಗೆ ಒಳಗಿದ್ದ ಪಸೆ ಹಬೆಯಾಗಿ ಹೆಬ್ಬೆರಳು ಚುರ್ ಅಂತು, ಪಾತ್ರೆ ಕೈಬಿಡ್ಲಿಲ್ಲ ಅನ್ನೋದೇ ಪುಣ್ಯ. ಹಾಗಾಗಿ ಎರಡೂ ಕಡೆ ತಿರುವಿ ಹಾಕಿ, ಮಧ್ಯಭಾಗ ಎರಡು ಬೆರಳಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದು ನೋಡಿ, ತಣ್ಣಗೆ ಅನ್ಸಿದ್ರೆ ಇನ್ನೂ ಒಣಗಿಲ್ಲ ಅಂತಾನೇ. ಡ್ರೈಯರ್ ಇದ್ರೆ ಎಣ್ಣೆ ಪೂರ್ತಿ ಹೋಗಿರೋದನ್ನ ಮಾತ್ರ ಹಾಕಿ, ಅಡುಗೆ ಎಣ್ಣೆ ಉಳಿದಿರೋ ಬಟ್ಟೆ ಬಿಸಿಯಾಗಿ ರಾಶಿ ಬಿದ್ರೆ ತಾನಾಗೇ ಕಾದು ಹೊತ್ತಿಕೊಳ್ಳೋ ಸಾಧ್ಯತೆ ಇದೆ.

ಸುಟ್ಟ ಕಲೆ ಹೋಗುತ್ತಾ ಅಂತ ಕೇಳ್ತೀರಿ. ಇಲ್ಲ, ಅದು ಕಲೆನೇ ಅಲ್ಲ, ನೂಲೇ ಸುಟ್ಟು ಹೋಗಿರೋದು. ಉಗುರಲ್ಲಿ ಕೆರೆದಾಗ ಪುಡಿ ಉದುರಿದ್ರೆ, ಅಥವಾ ಬೆಳಕಿಗೆ ಹಿಡಿದಾಗ ಒಳಗಿನ ಪದರ ಒಂದ್ಕಡೆ ತೆಳ್ಳಗಾಗಿ ಬೆಳಕು ಹಾಯ್ತಿದ್ರೆ, ಒಗೆಯೋ ಶ್ರಮ ಬಿಟ್ಟು ಸೈಕಲ್ ಚೈನ್ ಒರೆಸೋಕೆ ಇಟ್ಕೊಳ್ಳಿ.