ಅಂಟಿಸಿದ ಹೂವಿನಿಂದ ಶುರುವಾದದ್ದು

ನಾನು ದುಡ್ಡು ಕೊಟ್ಟು ತಂದ ಮೊದಲ ಕ್ಯಾಕ್ಟಸ್ಸಿನ ಹೂವು ಐದು ತಿಂಗಳಾದರೂ ಬಾಡಲಿಲ್ಲ. ಕಿತ್ತಳೆ ಬಣ್ಣ, ಮುಟ್ಟಿದರೆ ಕಾಗದದಂತೆ ಸರಪರ. ನೀರು ಹಾಕಿದ ದಿನ ಮುದುಡಿಕೊಳ್ಳುತ್ತಿತ್ತು, ಬಿಸಿಲೇರಿದಂತೆ ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ಮನೆಗೆ ಬಂದವರನ್ನೆಲ್ಲ ಬಾಲ್ಕನಿಗೆ ಕರೆದೊಯ್ದು ತೋರಿಸಿದ್ದೇ ತೋರಿಸಿದ್ದು. ಒಂದು ಭಾನುವಾರ ಧೂಳು ಒರೆಸುವಾಗ ಹೂವು ಹಾಗೇ ಕೈಗೆ ಬಂತು. ಅಡಿಯಲ್ಲಿ ಗಟ್ಟಿಯಾದ ಗೋಂದಿನ ಹನಿ. ಯಾವುದೋ ಗಿಡದ ಒಣಹೂವನ್ನು ಬಿಸಿ ಗೋಂದಿನಿಂದ ಕಳ್ಳಿಯ ನೆತ್ತಿಗೆ ಅಂಟಿಸಿ ಮಾರಿದ್ದರು. ಸ್ಟ್ರಾಫ್ಲವರ್ ಅನ್ನುತ್ತಾರಲ್ಲ, ಅದು. ಕಿತ್ತು ಒಣಗಿಸಿದ ಮೇಲೂ ಅದರ ಎಸಳು ತೇವಕ್ಕೆ ಮುಚ್ಚುತ್ತದೆ, ಒಣಗಿದರೆ ತೆರೆಯುತ್ತದೆ. ನಾನು ಅದನ್ನೇ ಜೀವ ಅಂದುಕೊಂಡಿದ್ದೆ.

ನಮ್ಮ ಅತ್ತೆ ಚಿತ್ರದುರ್ಗದ ಕಡೆಯವರು. "ಬೇಲಿಗೆ ಹಾಕೋ ಕಳ್ಳೀನ ಯಾರಾದ್ರೂ ದುಡ್ಡು ಕೊಟ್ಟು ತರ್ತಾರೇನೇ? ಅದೂ ಗೋಂದು ಹಚ್ಚಿದ್ದನ್ನ!" ಅಂತ ಒಂದು ವಾರ ನಕ್ಕರು. ಅವರ ಹೊಲದ ಬೇಲಿಯ ಕಳ್ಳಿ ಬೇರೆ ಜಾತಿ, ಕ್ಯಾಕ್ಟಸ್ಸೇ ಅಲ್ಲ, ಮುರಿದರೆ ಹಾಲು ಬರುತ್ತದೆ. ಕ್ಯಾಕ್ಟಸ್ಸಿನ ಮುಳ್ಳು ಹತ್ತಿಯಂಥ ಪುಟ್ಟ ಚುಕ್ಕೆಯಿಂದ ಹುಟ್ಟುತ್ತದೆ ಅಂತ ನಾನು ವಾದಿಸಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಗಿಡ ಮಾತ್ರ ನಿಜದ್ದೇ, ಮ್ಯಾಮಿಲೇರಿಯಾ ಅನ್ನುವ ಜಾತಿಯ ಕ್ಯಾಕ್ಟಸ್. ನೆತ್ತಿ ಗೋಂದಿನಿಂದ ಮುಚ್ಚಿಹೋದ್ದರಿಂದ ಮೇಲಕ್ಕೆ ಬೆಳೆಯಲಾಗದೆ ಪಕ್ಕದಲ್ಲಿ ಮರಿ ಹಾಕಿತು. ಅಷ್ಟು ಹೊತ್ತಿಗೆ ನಾನು ಇನ್ನೂ ಆರು ಕುಂಡ ತಂದಾಗಿತ್ತು.

ಮೊದಲ ಮಳೆಗಾಲದಲ್ಲಿ ಏಳರಲ್ಲಿ ನಾಲ್ಕು ಹೋದವು. ತುಳಸಿಗೆ ಹಾಕುವಾಗ ಇವಕ್ಕೂ ಒಂದೊಂದು ಲೋಟ ನೀರು ಹಾಕುತ್ತಿದ್ದೆ, ಅದೇ ಕಾರಣ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಬುಡ ಒತ್ತಿದರೆ ಕಳಿತ ಸಪೋಟದಂತೆ ಬೆರಳು ಒಳಗೆ ಹೋಯಿತು. ಕಿತ್ತು ನೋಡಿದಾಗ ನರ್ಸರಿಯವರು ತುಂಬಿದ್ದು ಬರೀ ತೆಂಗಿನ ನಾರಿನ ಪುಡಿ ಅಂತ ಗೊತ್ತಾಯಿತು. ಅವರ ಮಟ್ಟಿಗೆ ಅದು ಸರಿ: ಹಗುರ, ಸಾಗಿಸಲು ಸುಲಭ, ದಿನವೂ ನೀರು ಹಾಕಬೇಕಾಗಿಲ್ಲ. ನಮ್ಮ ಬೆಂಗಳೂರಿನ ಸೆಪ್ಟೆಂಬರ್-ಅಕ್ಟೋಬರ್ ಮಳೆಗೆ ಮಾತ್ರ ಅದು ಸ್ಪಂಜು. ಬೇಸಿಗೆಯಲ್ಲಿ ಒಮ್ಮೆ ಪೂರ್ತಿ ಒಣಗಿತೋ, ನೀರೆಲ್ಲ ಪಕ್ಕದಿಂದ ಜಾರಿಹೋಗುತ್ತದೆ, ಬೇರಿಗೆ ಮುಟ್ಟುವುದೇ ಇಲ್ಲ.

ಹಾಗಾಗಿ ಈಗ ಹೊಸ ಗಿಡ ತಂದರೆ ಮೊದಲು ಕುಂಡ ಬದಲಿಸುವ ಯೋಚನೆ. ಮಳೆಗಾಲದಲ್ಲಿ ತಂದಿದ್ದರೆ ಮಾತ್ರ ಕಾಯುತ್ತೇನೆ. ನನಗೆ ಹೊಂದುವ ಕಾಲ ಫೆಬ್ರವರಿ ಕೊನೆ, ಮಾರ್ಚ್ ಮೊದಲು. ಹತ್ತು ದಿನ ಮುಂಚೆಯೇ ನೀರು ನಿಲ್ಲಿಸುತ್ತೇನೆ. ಹಳೇ ಪೇಪರನ್ನು ಉದ್ದಕ್ಕೆ ನಾಲ್ಕಾರು ಮಡಿಕೆ ಮಡಚಿ, ಬೆಲ್ಟಿನಂತೆ ಗಿಡದ ನಡುವಿಗೆ ಸುತ್ತಿ ಎರಡೂ ತುದಿ ಹಿಡಿದರೆ ಮುಳ್ಳು ಚುಚ್ಚುವುದಿಲ್ಲ, ಮುಳ್ಳು ಮುರಿಯುವುದೂ ಇಲ್ಲ. ಇಕ್ಕಳದಲ್ಲಿ ಹಿಡಿದು ಒಂದರ ಪಕ್ಕೆ ಜಜ್ಜಿದ್ದೆ, ಆ ಗಾಯದ ಗುರುತು ಇವತ್ತಿಗೂ ಇದೆ. ಕುಂಡದ ತಳದ ತೂತಿಗೆ ಪೆನ್ಸಿಲ್ ತೂರಿಸಿ ಮೆಲ್ಲಗೆ ನೂಕಿದರೆ ಇಡೀ ಮುದ್ದೆ ಬೆರಣಿಯಂತೆ ಹೊರಬರುತ್ತದೆ.

ಆಮೇಲಿನದು ತಾಳ್ಮೆಯ ಕೆಲಸ. ಹಲ್ಲುಕಡ್ಡಿಯಿಂದ ಹಳೆಯ ಪುಡಿಯನ್ನು ಹೊರಗಿನಿಂದ ಒಳಕ್ಕೆ ಸ್ವಲ್ಪ ಸ್ವಲ್ಪವೇ ಬಿಡಿಸಬೇಕು, ಸಿಕ್ಕುಗಟ್ಟಿದ ಮಗುವಿನ ತಲೆ ಬಾಚಿದ ಹಾಗೆ. ಒಂದು ಗಿಡದ ಬೇರಿನ ನಡುವೆ ಹೆಬ್ಬೆರಳು ಗಾತ್ರದ ಬಲೆಯ ಚೀಲ ಸಿಕ್ಕಿತು. ಚಿಕ್ಕ ಸಸಿಯಿದ್ದಾಗ ಸುತ್ತಿದ್ದನ್ನು ಬಿಚ್ಚಿರಲೇ ಇಲ್ಲ, ಬೇರೆಲ್ಲ ಅದರೊಳಗೇ ಸುತ್ತಿಕೊಂಡಿತ್ತು. ಒಳ್ಳೆಯ ಬೇರು ಎಳೆದರೆ ತಡೆದು ನಿಲ್ಲುತ್ತದೆ. ಕೊಳೆತದ್ದಾದರೆ ಮೇಲಿನ ಸಿಪ್ಪೆ ಕೈಗೆ ಜಾರಿ ಬಂದು ಒಳಗಿನ ದಾರ ಮಾತ್ರ ಉಳಿಯುತ್ತದೆ. ಅಂಥದ್ದನ್ನು ಸ್ಪಿರಿಟ್‌ನಿಂದ ಒರೆಸಿದ ಬ್ಲೇಡಿನಲ್ಲಿ ಕತ್ತರಿಸುತ್ತೇನೆ. ಕೊಳೆ ಬುಡಕ್ಕೆ ಏರಿದ್ದರೆ ಸೌತೆಕಾಯಿ ಹೆಚ್ಚುವಂತೆ ಒಂದೊಂದೇ ಬಿಲ್ಲೆ ತೆಗೆಯುತ್ತಾ, ನಡುವಿನ ಉಂಗುರದಲ್ಲಿ ಕಂದುಬಣ್ಣ ಪೂರ್ತಿ ಹೋಗುವವರೆಗೆ. ಒಂದು ಚೂರು ಕಂದು ಉಳಿದರೂ ಮತ್ತೆ ಮೇಲಕ್ಕೆ ಹತ್ತುತ್ತದೆ.

ಕತ್ತರಿಸಿದ್ದನ್ನು ತಕ್ಷಣ ನೆಡಬಾರದು. ಬೇರು ಮಾತ್ರ ಕತ್ತರಿಸಿದ್ದರೆ ನಾಲ್ಕೈದು ದಿನ, ಬುಡವನ್ನೇ ಕೊಯ್ದಿದ್ದರೆ ಎರಡು ವಾರ ನೆರಳಲ್ಲಿ ಪೇಪರಿನ ಮೇಲೆ ಮಲಗಿಸುತ್ತೇನೆ. ಗಾಯ ಒಣಗಿ ಚಕ್ಕಳಗಟ್ಟಬೇಕು. ನಮ್ಮ ಮನೆಯ ಫ್ರಿಜ್ಜಿನ ಮೇಲೆ ಮಾರ್ಚಿನಲ್ಲಿ ಸದಾ ಒಂದೆರಡು ಬೋಳು ಗಿಡ ಬಿದ್ದಿರುತ್ತವೆ.

ಮಣ್ಣಿನ ಪಾಠ ಕಲಿಸಿದ್ದು ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ತಯಾರಿಸುವ ಮರಳು. ಎದುರು ಮನೆ ಕಟ್ಟುತ್ತಿದ್ದರು, ಒಂದು ಬಕೆಟ್ ಕೇಳಿ ತಂದು ಹಾಗೇ ಕಲಸಿದೆ. ಎರಡು ಸಲ ನೀರು ಬಿದ್ದ ಮೇಲೆ ಕುಂಡದೊಳಗೆ ಗಾರೆ ಹಾಕಿದಂತಾಯಿತು. ಅದರ ನಯವಾದ ಪುಡಿಯೇ ಶತ್ರು. ಈಗ ರವೆ ಜರಡಿಯಲ್ಲಿ ಸಾಣಿಸಿ, ಮೇಲೆ ಉಳಿದ ಹರಳನ್ನಷ್ಟೇ ತೊಳೆದು ಬಳಸುತ್ತೇನೆ. ಅದು ಒಂದು ಪಾಲು, ಕಡಲೆಕಾಳು ಗಾತ್ರದ ಇಟ್ಟಿಗೆ ಚೂರು ಅಥವಾ ಪ್ಯೂಮಿಸ್ ಅನ್ನುವ ಹಗುರವಾದ ತೂತುತೂತು ಕಲ್ಲು ಒಂದು ಪಾಲು, ಎರೆಗೊಬ್ಬರ ಅರ್ಧ ಪಾಲು, ಒಂದು ಹಿಡಿ ಇದ್ದಿಲು. ಮುಷ್ಟಿಯಲ್ಲಿ ಒದ್ದೆ ಮಣ್ಣು ಹಿಂಡಿ ಬಿಟ್ಟರೆ ಉದುರಬೇಕು. ಉಂಡೆ ಕಟ್ಟಿದರೆ ಇನ್ನಷ್ಟು ಇಟ್ಟಿಗೆ ಚೂರು ಸೇರಿಸುತ್ತೇನೆ. ಎರಡು ಇಂಚಿನ ಗಿಡಕ್ಕೆ ಮೂರು ಇಂಚಿನ ಮಣ್ಣಿನ ಕುಂಡ ಸಾಕು. "ಬೆಳೆಯೋ ಗಿಡ, ದೊಡ್ಡದರಲ್ಲೇ ಇಡೋಣ" ಅನ್ನುವುದು ಅಕ್ಕರೆಯ ಮಾತು, ಆದರೆ ಬೇರು ಮುಟ್ಟದ ಮಣ್ಣು ವಾರಗಟ್ಟಲೆ ಒಣಗುವುದೇ ಇಲ್ಲ. ನೆಟ್ಟ ಮೇಲೆ ಒಂದು ವಾರ ನೀರಿಲ್ಲ, ನೇರ ಬಿಸಿಲೂ ಇಲ್ಲ.

ಬೇರು ಬಿಡಿಸುವಾಗ ಕುಂಡದ ಒಳಗೋಡೆಗೆ ಸುಣ್ಣದ ಪುಡಿಯಂತೆ ಬಿಳಿ ಅಂಟಿದ್ದರೆ ಅದು ಹಿಟ್ಟುತಿಗಣೆ, ಗಿಡದ ರಸ ಹೀರುವ ಹುಳು. ಮೇಲೆ ಕಂಡರೆ ಇಯರ್‌ಬಡ್ಡಿಗೆ ಸ್ಪಿರಿಟ್ ಅದ್ದಿ ಒರೆಸಬಹುದು; ಬೇರಿನಲ್ಲಿದ್ದರೆ ಮಣ್ಣೆಲ್ಲ ಎಸೆದು, ಬೇರು ತೊಳೆದು, ಕುಂಡವನ್ನು ಕುದಿನೀರಿನಲ್ಲಿ ಅದ್ದಿ ತೆಗೆಯುವುದೇ ದಾರಿ. ಈ ಹುಳುವಿನ ದಾಯಾದಿ ಕಾಚಿನೀಲ್, ಅರೆದರೆ ಕೆಂಪು ಬಣ್ಣ ಕೊಡುವ ಕೀಟ. 1795ರಲ್ಲಿ ಕೆಂಪು ಬಣ್ಣದ ವ್ಯಾಪಾರಕ್ಕೆಂದು ಇಂಡಿಯಾಕ್ಕೆ ತಂದದ್ದು ತಪ್ಪು ಜಾತಿಯ ಕೀಟ. ಒಳ್ಳೆಯ ಬಣ್ಣ ಬರಲಿಲ್ಲ, ಒಂದು ಬಗೆಯ ಪಾಪಾಸುಕಳ್ಳಿಯನ್ನು ಮಾತ್ರ ತಿಂದು ಮುಗಿಸಿತು.

ಇಷ್ಟೆಲ್ಲ ಆದರೂ ಎರಡು ವರ್ಷ ಹೂವಿಲ್ಲ. ಗಿಡಗಳು ಗುಂಡಗೆ, ಹಸಿರಾಗಿದ್ದವು. ಗೊಬ್ಬರ ಸಾಲದೇನೋ ಅಂತ ಇನ್ನಷ್ಟು ಹಾಕಿದೆ, ಇನ್ನಷ್ಟು ದಪ್ಪವಾದವು. ಆಮೇಲೊಂದು ಡಿಸೆಂಬರಿನಲ್ಲಿ ನಾದಿನಿಯ ಬಾಣಂತನಕ್ಕೆಂದು ಊರಿಗೆ ಹೋದವಳು ಬಂದದ್ದು ಜನವರಿ ಕೊನೆಗೆ. ಏಳು ವಾರ ಯಾರೂ ನೀರು ಹಾಕಿರಲಿಲ್ಲ. ಗಿಡಗಳು ಕುಗ್ಗಿ, ಏಣುಗಳು ಒಳಸೇರಿ, ಸತ್ತೇಹೋದವೇನೋ ಅನ್ನಿಸಿತು. ಮಾರ್ಚಿನಲ್ಲಿ ಅವುಗಳಲ್ಲೊಂದು, ಜಿಮ್ನೋಕ್ಯಾಲಿಸಿಯಂ ಜಾತಿಯದು, ಮೊಗ್ಗು ಬಿಟ್ಟಿತು, ಮುಳ್ಳಿಲ್ಲದ ನುಣ್ಣನೆಯ ಹಸಿರು ಮೊಗ್ಗು. ಆಮೇಲೆ ಓದಿ ತಿಳಿದೆ, ಇವುಗಳಲ್ಲಿ ಬಹುಪಾಲಿಗೆ ಒಣ ಚಳಿಗಾಲದ ವಿಶ್ರಾಂತಿ ಬೇಕು. ನಮ್ಮ ಊರಿನ ಹದಿನೈದು-ಹದಿನಾರು ಡಿಗ್ರಿ ರಾತ್ರಿ ಅದಕ್ಕೆ ಸಾಕಾಗುತ್ತದೆ. ರೆಬೂಷಿಯಾ ಅನ್ನುವ ಜಾತಿಗೆ ಮಾತ್ರ ಸಾಲದು. ಬೊಲಿವಿಯಾ, ಅರ್ಜೆಂಟೀನಾದ ಬೆಟ್ಟದ ಗಿಡ ಅದು, ನನ್ನಲ್ಲಿ ಇವತ್ತಿಗೂ ಹೂ ಬಿಟ್ಟಿಲ್ಲ. ಈಗ ನವೆಂಬರ್ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ನೀರಿನ ಕ್ಯಾನನ್ನೇ ಒಳಗಿಡುತ್ತೇನೆ. ಬಿಸಿಲು ಮಾತ್ರ ದಿನಕ್ಕೆ ನಾಲ್ಕೈದು ಗಂಟೆ ತಪ್ಪಿಸುವುದಿಲ್ಲ.

ಎಕಿನಾಪ್ಸಿಸ್ ಅನ್ನುವ ಕ್ಯಾಕ್ಟಸ್ ಬಗ್ಗೆ ಒಂದು ಮಾತು: ಗೇಣುದ್ದದ ತೊಟ್ಟು, ಬಿಳಿ ಹೂವು, ರಾತ್ರಿ ಅರಳಿ ಮರುದಿನ ಮಧ್ಯಾಹ್ನಕ್ಕೆ ಜೋತುಬೀಳುತ್ತದೆ. ಮೊಗ್ಗು ಉಬ್ಬಿದ ದಿನ ಒಂಬತ್ತಕ್ಕೆ ಮಲಗಿದರೆ ಹೋಯಿತು. ಕೆಂಪು ತಲೆಯ ಮೂನ್ ಕ್ಯಾಕ್ಟಸ್ ನಾನು ತರುವುದಿಲ್ಲ. ಅದರ ತಲೆಗೆ ಪತ್ರಹರಿತ್ತೇ ಇಲ್ಲ, ಕಸಿ ಮಾಡಿದ ಕೆಳಗಿನ ಗಿಡ ಸೋತರೆ ಎರಡೂ ಹೋಗುತ್ತವೆ.

ಗೋಂದಿನ ಗಿಡದ ಮರಿಗಳನ್ನು ಮೂರು ವರ್ಷದ ಹಿಂದೆ ಬೇರೆ ಮಾಡಿ ನೆಟ್ಟಿದ್ದೆ. ಮ್ಯಾಮಿಲೇರಿಯಾದ ಹೂವು ಹಿಂದಿನ ವರ್ಷ ಬೆಳೆದ ಭಾಗದಲ್ಲಿ ಬರುವುದರಿಂದ ನೆತ್ತಿಯ ಸುತ್ತ ಬಳೆಯಂತೆ ಕಾಣಿಸುತ್ತದೆ. ಈ ಮಾರ್ಚಿನಲ್ಲಿ ಒಂದು ಮರಿ ಹಾಗೆ ಹನ್ನೊಂದು ಗುಲಾಬಿ ಹೂವು ಬಿಟ್ಟಿತು. ಅತ್ತೆ ಕನ್ನಡಕ ಹಾಕಿಕೊಂಡು ಬಂದು ಬಗ್ಗಿ ನೋಡಿದರು. ನಾನು ಬೇಡ ಅನ್ನುವಷ್ಟರಲ್ಲಿ ಎರಡು ಬೆರಳಲ್ಲಿ ಒಂದು ಹೂವನ್ನು ಹಿಡಿದು ಎಳೆದೇಬಿಟ್ಟರು. ಎಸಳು ಕಿತ್ತು ಬಂತು, ಬೆರಳಿಗೆ ಮುಳ್ಳೂ ಚುಚ್ಚಿತು.

"ನಿಜದ್ದೇ ಕಣೇ," ಅಂದರು.