ವಾಲ್ವ್ ಕವರ್‌ನಿಂದ ಆಯಿಲ್ ಜಿನುಗದಂತೆ ನಾನು ಕೂರಿಸಿದ ಬಗೆ

ವಾಲ್ವ್‌ಗಳ ಕ್ಲಿಯರೆನ್ಸ್ (ಸಂದಿಯ ಅಳತೆ) ಸರಿಪಡಿಸಲು ವಾಲ್ವ್ ಕವರ್, ಅಂದರೆ ಎಂಜಿನ್ನಿನ ಮೇಲ್ತುದಿಯ ಮುಚ್ಚಳ, ಬಿಚ್ಚಿ ಮರಳಿ ಕೂರಿಸಿದ ಪ್ರತಿ ಸಲವೂ ಬಲಬದಿಯ ಮೂಲೆಯಿಂದ ಆಯಿಲ್ ಜಿನುಗುವುದು ನನ್ನ ಹಳೆಯ ಬೈಕಿನ ಅವಳಿ ಕ್ಯಾಮ್ (ವಾಲ್ವ್ ತೆರೆಯುವ ಎರಡು ದಂಡಗಳ) ಎಂಜಿನ್ನಿನ ಚಾಳಿಯಾಗಿತ್ತು. ಈ ವಯಸ್ಸಿನ ಎಂಜಿನ್ ಬೆವರದೆ ಇರುವುದಿಲ್ಲ, ಗ್ಯಾಸ್ಕೆಟ್‌ನ (ಕವರ್ ಅಂಚಿನ ರಬ್ಬರ್ ಪಟ್ಟಿಯ) ಎರಡೂ ಬದಿಗೆ ಸೀಲಂಟ್, ಅಂದರೆ ಸೋರಿಕೆ ತಡೆಯುವ ಅಂಟುಲೇಪ, ಬಳಿದು ಬಿಗಿದುಬಿಡಿ ಎಂಬುದೇ ಬಲ್ಲವರೆಲ್ಲರ ಸಲಹೆ. ಸೀಲಂಟನ್ನು ಮೂಲೆಗಳಿಗೆ ಮಾತ್ರ ಹಚ್ಚಿ ಹೆಡ್‌ನ (ಕವರ್ ಕೂರುವ ಎಂಜಿನ್ ಭಾಗದ) ಉಳಿದ ಅಂಚನ್ನು ಒಣದಾಗಿಯೇ ಬಿಡುತ್ತೇನೆ ಎಂದಾಗ ನಕ್ಕವರೂ ಇದ್ದರು. ಹಾಗೆ ಕೂರಿಸಿದ ಕವರ್ ಈಗ ಹೆಚ್ಚುಕಡಿಮೆ 12,000 ಕಿಲೋಮೀಟರ್ ಓಡಿದೆ, ಫಿನ್‌ಗಳ ಮೇಲಿನ ಧೂಳನ್ನು ಊದಿದರೆ ಹಾರುತ್ತದೆ.

ಮೊದಲು ಹಣ ಹೋದದ್ದು ಗ್ಯಾಸ್ಕೆಟ್‌ಗೆ. ಅಸಲಿಯ ಅರ್ಧ ಬೆಲೆಗೆ ಸಿಕ್ಕ ನಕಲಿ ಗ್ಯಾಸ್ಕೆಟ್ ನೋಡಲು ಒಂದೇ ತೆರನಾಗಿದ್ದರೂ ಕೆಲವು ಸಲ ಕಾದು ಆರುವಷ್ಟರಲ್ಲಿ ಪುಟಿಯುವ ಗುಣ ಕಳೆದುಕೊಂಡು ಚಪ್ಪಟೆಯಾಯಿತು, ಅಂಥ ಎರಡು ಕೊಂಡ ಹಣದಲ್ಲಿ ಒಂದು ಅಸಲಿ ಬರುತ್ತಿತ್ತು. ಸುತ್ತಲೂ ಸೀಲಂಟ್ ಬಳಿಯುವ ಸಲಹೆಯನ್ನೂ ಒಮ್ಮೆ ಪರೀಕ್ಷಿಸಿದೆ. ಸೋರಿಕೆ ನಿಂತದ್ದು ನಿಜ, ಆದರೆ ಮುಂದಿನ ಸಲ ಬಿಚ್ಚಿದಾಗ ಅದನ್ನು ಕೆರೆದು ತೆಗೆಯಲು ಅರ್ಧ ದಿನ ಹಿಡಿಯಿತು, ಒಳಕ್ಕೆ ಉಬ್ಬಿದ ಎಳೆಗಳು ಕಳಚಿ ಆಯಿಲ್ ಸ್ಟ್ರೈನರ್‌ಗೆ (ಸೋಸುವ ಜಾಲರಿಗೆ) ಹೋಗಿ ಕೂರುವ ಭಯ ಬೇರೆ.

ಬಿಗಿಯುವುದರಿಂದ ಸೋರಿಕೆ ನಿಲ್ಲುವುದಿಲ್ಲ ಎಂಬುದು ಬೋಲ್ಟನ್ನು ಕೈಯಲ್ಲಿ ಹಿಡಿದು ನೋಡಿದರೇ ತಿಳಿಯುತ್ತದೆ. ಇಂಥ ಕವರ್‌ಗಳ ಬೋಲ್ಟ್‌ಗೆ ಭುಜ, ಅಂದರೆ ಥ್ರೆಡ್‌ಗಿಂತ ದಪ್ಪನಾದ ಮೆಟ್ಟಿಲು, ಇರುತ್ತದೆ. ಆ ಭುಜ ಹೆಡ್‌ಗೆ ತಾಗಿ ನಿಂತ ಮೇಲೆ ಎಷ್ಟು ತಿರುವಿದರೂ ಕವರ್ ಕೆಳಗಿಳಿಯುವುದಿಲ್ಲ, ಅಲ್ಯೂಮಿನಿಯಂ ಥ್ರೆಡ್ ಮಾತ್ರ ಕಿತ್ತು ಬರುತ್ತದೆ. ಹಾಗೆ ಕಿತ್ತುಕೊಂಡು ಬಂದವರ ಹೆಡ್‌ಗಳಿಗೆ ಇನ್ಸರ್ಟ್ (ಹೊಸ ಥ್ರೆಡ್ ಇರುವ ಒಳತೋಳು) ಕೂರಿಸಿಕೊಟ್ಟಿದ್ದೇನೆ, ಅದರ ವೆಚ್ಚ ಇಡೀ ಗ್ಯಾಸ್ಕೆಟ್ ಸೆಟ್ಟನ್ನು ಮೀರುತ್ತದೆ. ಕವರನ್ನು ಒತ್ತಿ ಹಿಡಿಯುವುದು ಬೋಲ್ಟ್ ತಲೆಯ ಕೆಳಗಿನ ರಬ್ಬರ್ ವಾಷರ್. ನನ್ನ ಹಳೆಯ ವಾಷರ್‌ಗಳನ್ನು ವರ್ನಿಯರ್‌ನಲ್ಲಿ ಅಳೆದಾಗ ಹೊಸದಕ್ಕಿಂತ ಸುಮಾರು ಅರ್ಧ ಮಿಲಿಮೀಟರ್ ತೆಳ್ಳಗಾಗಿದ್ದವು, ಉಗುರು ಊರಿದರೆ ಗುರುತೂ ಮೂಡುತ್ತಿರಲಿಲ್ಲ. ಅವನ್ನು ಕುದಿಯುವ ನೀರಿನಲ್ಲಿ ಹಾಕಿ ಮೆದುಗೊಳಿಸಲು ನೋಡಿದೆ, ಆರಿದೊಡನೆ ಮತ್ತೆ ಗಡುಸಾದವು. ಅವುಗಳ ಮೇಲೆ ತೆಳುವಾದ ಉಕ್ಕಿನ ವಾಷರ್ ಸೇರಿಸಿದಾಗ ಕೆಲಕಾಲ ಚೆನ್ನಾಗಿಯೇ ನಡೆಯಿತು, ಆದರೂ ಹೊಸ ರಬ್ಬರ್‌ಗೆ ಅದು ಸಾಟಿಯಲ್ಲ.

ಕ್ಯಾಮ್‌ಶಾಫ್ಟ್ ತುದಿಯ ಅರ್ಧಚಂದ್ರದ ಹಳ್ಳಗಳಲ್ಲಿ ನನ್ನ ಕೆಲಸ ಹೆಚ್ಚು ನಿಧಾನವಾಯಿತು. ಬ್ರೇಕ್ ಕ್ಲೀನರ್‌ನಿಂದ ಎಷ್ಟೇ ಒರೆಸಿದರೂ ಕ್ಯಾಮ್ ಕೆಳಗೆ ನಿಂತ ಆಯಿಲ್ ನಿಮಿಷಗಳಲ್ಲೇ ತೆಳುಪೊರೆಯಾಗಿ ಅಂಚಿಗೆ ಹತ್ತಿ ಬರುತ್ತಿತ್ತು, ಅದರ ಮೇಲೆ ಹಚ್ಚಿದ ಸೀಲಂಟ್ ಲೋಹವನ್ನು ಹಿಡಿಯುವುದೇ ಇಲ್ಲ. ಆದ್ದರಿಂದ ಟೈಮಿಂಗ್ ಚೈನಿನ ಬಾಯಿಗೆ ಬಟ್ಟೆ ತುರುಕಿ, ನಿಂತ ಆಯಿಲನ್ನು ಸಿರಿಂಜ್‌ನಿಂದ ಎಳೆದು ತೆಗೆದು, ಬಟ್ಟೆಯನ್ನು ಹೊರತೆಗೆದ ಮೇಲೆ ಕೊನೆಯ ಒರೆಸುವಿಕೆಯನ್ನು ಸೀಲಂಟ್ ಹಚ್ಚುವ ಕ್ಷಣಕ್ಕೆ ಉಳಿಸಿಕೊಂಡೆ. ಅರ್ಧವೃತ್ತ ಮುಗಿದು ಸಮತಟ್ಟಾದ ಅಂಚು ಶುರುವಾಗುವ ಕೋನದಲ್ಲಿ ಎರಡು ಮಿಲಿಮೀಟರ್ ದಪ್ಪದ ಎಳೆ ಸಾಕು, ಆಚೀಚೆ ಒಂದು ಬೆರಳಗಲ ಹರಡಿದರೆ ಬೇಕಾದಷ್ಟಾಯಿತು. ಅದರ ಮೇಲೆ ಕೆನೆ ಕಟ್ಟುವ ಮುನ್ನ, ಅಂದರೆ ಹತ್ತು ನಿಮಿಷದೊಳಗೆ, ಕವರ್ ಕೂರಬೇಕು.

ಆದರೆ ಫ್ರೇಮ್‌ಗೂ ಹೆಡ್‌ಗೂ ನಡುವಿನ ಕಿರಿದಾದ ಸಂದಿಯಲ್ಲಿ ಕವರನ್ನು ಓರೆಯಾಗಿ ನುಗ್ಗಿಸುವಾಗ ಗ್ಯಾಸ್ಕೆಟ್ ತನ್ನ ತೋಡಿನಿಂದ ಜಾರಿ ಬೀಳುತ್ತದೆ. ಗ್ರೀಸ್ ಹಚ್ಚಿ ನೋಡಿದೆ, ಬಿಸಿಯಾದಾಗ ಕರಗಿ ಗ್ಯಾಸ್ಕೆಟ್ ಹೊರಕ್ಕೆ ಸರಿಯಿತು. ದಾರದಿಂದ ಕಟ್ಟಿ ಕೊನೆಗೆ ಎಳೆದುಕೊಳ್ಳುವ ಉಪಾಯದಲ್ಲಿ ದಾರವೇ ತುಂಡಾಗಿ ಒಳಗುಳಿಯಿತು. ಕೊನೆಗೆ ಕೆಲಸ ಕೊಟ್ಟದ್ದು ಕವರ್ ಕಡೆಯ ತೋಡಿನಲ್ಲಿ ಚುಕ್ಕೆ ಚುಕ್ಕೆಯಾಗಿ ಇಟ್ಟ ಅಂಟು. ಯಾವ ಅಂಟು, ಯಾವ ಜಾಗಗಳಲ್ಲಿ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿರುತ್ತೇನೆ, ಅಷ್ಟು ಹುಡುಕಾಟ ಅದರ ಹಿಂದಿದೆ. ಹೆಡ್ ಕಡೆ ಒಣದಾಗಿರುವುದರಿಂದ ಮುಂದಿನ ಸಲ ಕವರ್ ಗ್ಯಾಸ್ಕೆಟ್ ಸಮೇತ ಎದ್ದು ಬರುತ್ತದೆ.

ಕೂರಿಸಿದ ಮೇಲೆ ಹಲ್ಲಿನ ವೈದ್ಯರು ಬಳಸುವಂಥ ಪುಟ್ಟ ಕನ್ನಡಿಯಲ್ಲಿ ಹಿಂಬದಿಯ ಅಂಚನ್ನು ಪೂರ್ತಿ ನೋಡಿ, ಬೋಲ್ಟ್‌ಗಳನ್ನು ಅಡ್ಡಡ್ಡವಾಗಿ ಎರಡು ಸುತ್ತಿನಲ್ಲಿ ಬಿಗಿದೆ. ನನ್ನ ಎಂಜಿನ್‌ಗೆ ಸುಮಾರು 10 ನ್ಯೂಟನ್ ಮೀಟರ್ ಸಾಕಾಯಿತು, ನಿಮ್ಮದಕ್ಕೆ ಸರ್ವಿಸ್ ಮ್ಯಾನ್ಯುಯಲ್ ಹೇಳಿದಷ್ಟೇ. ಇಡೀ ರಾತ್ರಿ ಬಿಟ್ಟು, ಬೆಳಿಗ್ಗೆ ಅಂಚಿನ ಸುತ್ತ ಟಾಲ್ಕಂ ಪೌಡರ್ ಉದುರಿಸಿ ಎಂಜಿನ್ ಕಾಯುವವರೆಗೆ ಓಡಿಸಿದೆ. ಜಿನುಗುವ ಜಾಗವಿದ್ದರೆ ಪೌಡರ್ ಅಲ್ಲೇ ಕಪ್ಪಾಗುತ್ತದೆ. ಒಂದೇ ಕಡೆಯಲ್ಲದೆ ಸುತ್ತಲೂ ಕಪ್ಪಾದರೆ ಕವರನ್ನು ಮತ್ತೆ ಬಿಚ್ಚುವ ಮೊದಲು ಎಂಜಿನ್ ಒಳಗಿನ ಅನಿಲ ಹೊರಹೋಗುವ ಬ್ರೀದರ್ ಪೈಪನ್ನು ಕಳಚಿ ಊದಿ ನೋಡಿ. ಅದು ಕಟ್ಟಿಕೊಂಡಿದ್ದರೆ ಕ್ರ್ಯಾಂಕ್‌ಕೇಸ್‌ನ (ಎಂಜಿನ್ ಕೆಳಭಾಗದ ಕೋಣೆಯ) ಒತ್ತಡ ಎಂಥ ಗ್ಯಾಸ್ಕೆಟ್‌ನಿಂದಲೂ ಆಯಿಲನ್ನು ಹೊರದಬ್ಬುತ್ತದೆ.